ಐದು ಮನೆ ಶ್ರುತಿ

ಪದ್ಮಾಸನಿಯವರು ಬರುವ ಮುಂಚೆಯೇ
ಬಂದು ಕೂತಿತ್ತು ಗುಂಯ್,
ಅಗ್ರಹಾರದ ಆ ಸಣ್ಣ ಸಭಾಂಗಣದಲ್ಲಿ
ಎರಡೂ ಸ್ಪೀಕರಿನ ಬಾಯಲ್ಲಿ.
'ಅದನ್ನ ತೆಗಿಯಪ್ಪ ಮೊದಲು,' ಅಂದರು ಕಾರ್ಯದರ್ಶಿ,
ಸಾರಿನಿಂದ ನೊಣ ತೆಗೆ ಅನ್ನುವ ಹಾಗೆ.

ನನ್ನ ಕಸುಬಿಗೆ ಹೆಸರಿಲ್ಲ.
ಬೆಳಿಗ್ಗೆ ಸರಸ್ವತಿಪುರಂನಲ್ಲಿ ಒಬ್ಬರ ವೈಫೈ,
ಮಧ್ಯಾಹ್ನ ನಂಜುಮಳಿಗೆಯ ಬಟ್ಟೆ ಅಂಗಡಿಗೆ ನಾಲ್ಕು ಕ್ಯಾಮೆರಾ
(ಮೂರು ಗಲ್ಲಾ ಕಡೆಗೇ ನೋಡಬೇಕಂತೆ),
ಸಂಜೆ ಕಛೇರಿ ಇದ್ದರೆ ಮೈಕು, ಮಿಕ್ಸರು, ಲೈವು.
ಸಂಬಳ ಇಲ್ಲ, ಆದ್ದರಿಂದ ತಿಂಗಳೂ ಇಲ್ಲ.
ಕೇಳಿದವರಿಗೆ ಅಮ್ಮ ಹೇಳುತ್ತಾಳೆ:
'ಏನೋ ಕರೆಂಟಿನ ಕೆಲಸ ಕಣ್ರೀ.'

ಕೇಬಲ್ ಬದಲಿಸಿದೆ. ಪ್ಲಗ್ಗು ತಿರುಗಿಸಿ ಚುಚ್ಚಿದೆ.
ವೇದಿಕೆಯಡಿ ತೆವಳಿದರೆ ಅಲ್ಲಿ
ಯಾವ ಮಗುವಿನದೋ ಒಂದೇ ಒಂದು ಗೆಜ್ಜೆ,
ಊದುಬತ್ತಿ ಕಡ್ಡಿ, ಇಲಿಯ ಹಿಕ್ಕೆ,
ಮತ್ತು ಗುಂಯ್.
'ಎರಡು ಕಡೆ ಅರ್ತು ಕೊಟ್ಟವರೆ ಸಾ,
ಎರಡು ನೆಲ ಇದ್ದೋನಿಗೆ ಒಂದೂ ಇರಾಕಿಲ್ಲ,'
ಅಂದ ಸೀರಿಯಲ್ ಲೈಟಿನ ಮುಜೀಬ್.
ಅವನು ವೈರಿನ ಮಾತಾಡಿದ್ದು.
ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಬೋರಲಾಗಿದ್ದೆ.

ಆಟೋದಲ್ಲಿ ಬಂದರು ಪದ್ಮಾಸನಿ,
ಕರ್ಚೀಫಿನಲ್ಲಿ ಸುತ್ತಿದ ಫೋನು, ಫೋನಿನೊಳಗೆ ತಂಬೂರಿ.
ಕೂತು, ಕಣ್ಣು ಮುಚ್ಚಿ,
'ಯಾರಪ್ಪ ಶ್ರುತಿ ಹಾಕಿರೋದು?' ಅಂದರು.
ಶ್ರುತಿಯಲ್ಲಮ್ಮ, ಕರೆಂಟು. ಐದು ನಿಮಿಷ ಕೊಡಿ.
'ನನ್ನದೂ ಐದು ಮನೇನೇ. ಇದು ಚೂರು ಮೇಲಿದೆ.'
ಫೋನು ನನ್ನ ಕೈಗಿತ್ತರು: 'ಏರಿಸು.
ಸರ್ಕಾರದ ಶ್ರುತಿ, ನಾವೇ ಹೊಂದ್ಕೋಬೇಕು.'

ಬೆರಳಿನಿಂದ ಸರಿಸಿದೆ, ಚೂರು, ಇನ್ನೂ ಚೂರು;
ಗುಂಯ್ ತಂಬೂರಿಯೊಳಗೆ ಇಳಿದು ಹೋಯಿತು,
ಕೆರೆಗೆ ಕೊಡ ಇಳಿದ ಹಾಗೆ.
ಪಿಟೀಲು ಬಿರಡೆ ತಿರುಪಿತು.
ಮೃದಂಗದ ಹುಡುಗ ರೇಣುಕಪ್ರಸಾದ
ಗೊಣಗುತ್ತ ಕಲ್ಲು ಹಿಡಿದು ತಟ್ಟಿದ.

ಹಾಗಾದರೆ ಇಷ್ಟು ದಿನ
ಕಾಫಿಪುಡಿ ಅಂಗಡಿಯ ಮೋಟಾರು, ಮೂಲೆಯ ಟ್ರಾನ್ಸ್‌ಫಾರ್ಮರು,
ಮದ್ದೂರಿನ ಗದ್ದೆಯ ಪಂಪುಸೆಟ್ಟು,
ಶಿವನಸಮುದ್ರದಲ್ಲಿ ಬಿದ್ದು ತಂತಿ ಹತ್ತಿ ಬಂದ ನೀರು,
ಎಲ್ಲ ಒಂದೇ ಷಡ್ಜದ ಸುತ್ತ ಕೂತಿದ್ದವೇ?
ಬೇಸಿಗೆಯಲ್ಲಿ ಹೊರೆ ಹೆಚ್ಚಿದರೆ
ಕೂದಲೆಳೆಯಷ್ಟು ಇಳಿದು, ಮತ್ತೆ ಸಾವರಿಸಿಕೊಂಡು?
ರಿಪೇರಿ ಎಂದು ನಾನು ಕೊಂದ ಗುಂಯ್‌ಗಳು ಎಷ್ಟೋ.

ಭೈರವಿ ಎತ್ತಿಕೊಂಡರು.
ಲೈವಿನಲ್ಲಿ ಮೂವತ್ತೊಂದು ಜನ.
ಪಾಂಡವಪುರದಿಂದ ಒಬ್ಬರ ಫೋನು:
'ಏನ್ರೀ, ಅಮ್ಮಾವ್ರು ಮಧ್ಯ ಮಧ್ಯ ಬಾಯಿ ಮುಚ್ಕತಾರೆ?'
ಇಯರ್‌ಫೋನ್ ಸಿಕ್ಕಿಸಿ ಕೇಳಿದೆ. ಹೌದು.
ಮೇಲಿನ ಷಡ್ಜದಲ್ಲಿ ಅವರು ನಿಂತಾಗಲೆಲ್ಲ
ಅಲ್ಲಿ ಏನೂ ಇಲ್ಲ.
ಗದ್ದಲ ತೆಗೆಯಲೆಂದು ನಾನೇ ಹಾಕಿದ ಸೋಸಣಿಗೆ
ಅಲುಗಿದ್ದೆಲ್ಲ ಮಾತು, ಅಲುಗದೆ ನಿಂತದ್ದು ಕಸ.
ಫ್ಯಾನಿನ ಸದ್ದು, ತಂಬೂರಿ,
ಅರವತ್ತೆಂಟು ವರ್ಷದ ಒಂದು ಉಸಿರು,
ಮೂರನ್ನೂ ಒಂದೇ ಮೊರದಲ್ಲಿ ಕೇರಿ ಎಸೆದಿತ್ತು.

ಆರಿಸಿದೆ.
ಎಲ್ಲ ಬಂತು: ಕೆಮ್ಮು, ಕುರ್ಚಿ ಕಿರುಗುಟ್ಟಿದ್ದು,
ಹೊರಗೆ ಮುಜೀಬ್ ಯಾರನ್ನೋ ಬೈದದ್ದು,
ನಡುವೆ ಆ ಸ್ವರ, ಅಲುಗದೆ.
ಪಾಂಡವಪುರದವರು ಮತ್ತೆ ಫೋನು ಮಾಡಲಿಲ್ಲ.

ಕವರಿನಲ್ಲಿ ಇನ್ನೂರು ಕಮ್ಮಿ ಇತ್ತು.
'ಗುಂಯ್ ಹೋಗಲಿಲ್ಲವಲ್ಲಪ್ಪ,' ಅಂದರು ಕಾರ್ಯದರ್ಶಿ.
ನ್ಯಾಯವೇ.

ರಾತ್ರಿ ಹನ್ನೊಂದೂವರೆ.
ನೀರಿನ ಬಾಟಲಿಗೆಂದು ತೆರೆದ ಫ್ರಿಜ್ಜಿನ ಮುಂದೆ
ಹೆಲ್ಮೆಟ್ಟೂ ತೆಗೆಯದೆ ನಿಂತು
ಸಾ ಹಿಡಿಯಲು ನೋಡಿದೆ.
ಸಿಗಲಿಲ್ಲ. ಇನ್ನೊಮ್ಮೆ.
ಸಿಕ್ಕಿತು ಅನ್ನುವಷ್ಟರಲ್ಲಿ
ಕತ್ತಲೆಯಿಂದ ಅಮ್ಮ:
'ಬಾಗಿಲು ಹಾಕೋ, ಹಾಲು ಒಡೆಯತ್ತೆ.'